ಎಡ್ಮಂಡ್ ಹೇನ್ಸ್ ಟೇಲರ್ ಜೂನಿಯರ್

ಎಡ್ಮಂಡ್ ಹೇನ್ಸ್ ಟೇಲರ್ ಜೂನಿಯರ್ (ಫೆಬ್ರವರಿ 12, 1830 – ಜನವರಿ 19, 1923) ಅಮೆರಿಕ ಸಂಯುಕ್ತ ಸಂಸ್ಥಾನದ ಕೆಂಟುಕಿ ರಾಜ್ಯದ ವಿಸ್ಕಿ ತಯಾರಕರು, ಬ್ಯಾಂಕ್ ಉದ್ಯಮಿ ಮತ್ತು ರಾಜಕಾರಣಿ. ಕರ್ನಲ್ ಟೇಲರ್ ಎಂಬ ಹೆಸರಿನಿಂದ ಪ್ರಸಿದ್ಧರಾದ ಇವರು ಬರ್ಬನ್ ವಿಸ್ಕಿಯ ಆಧುನಿಕ ಉದ್ಯಮವನ್ನು ರೂಪಿಸಿದವರಲ್ಲಿ ಪ್ರಮುಖರು. ಸೀಸೆಯೊಳಗಿನ ಮದ್ಯದ ವಯಸ್ಸು, ತೀಕ್ಷ್ಣತೆ ಮತ್ತು ಮೂಲವನ್ನು ಸರ್ಕಾರದ ಮೇಲ್ವಿಚಾರಣೆಯಲ್ಲಿ ದಾಖಲಿಸುವ ವ್ಯವಸ್ಥೆಯನ್ನು ತಂದ 1897ರ 'ಬಾಟಲ್ಡ್ ಇನ್ ಬಾಂಡ್' ಕಾಯ್ದೆಯ ಹಿಂದೆ ಇದ್ದ ಮುಖ್ಯ ಶಕ್ತಿಗಳಲ್ಲಿ ಇವರೂ ಒಬ್ಬರು. ಈ ಕಾಯ್ದೆ ವಿಸ್ಕಿಗೆ 100 ಪ್ರೂಫ್ ಎಂಬ ತೀಕ್ಷ್ಣತೆಯನ್ನು ನಿಗದಿಪಡಿಸಿತು. ಅದುವರೆಗೆ ಕೇವಲ ನಾಲಿಗೆ ಮತ್ತು ಮಾರಾಟಗಾರನ ಮಾತನ್ನು ಅವಲಂಬಿಸಿದ್ದ ವಿಸ್ಕಿಯ ಗುಣನಿರ್ಣಯಕ್ಕೆ ಲಿಖಿತ ಆಧಾರವೊಂದು ದೊರೆತದ್ದು ಈ ಕಾಯ್ದೆಯಿಂದ.

ಬಾಲ್ಯ ಮತ್ತು ಆರಂಭಿಕ ಜೀವನ

ಟೇಲರ್ ಅವರು ಕೆಂಟುಕಿ ರಾಜ್ಯದ ಪಶ್ಚಿಮ ಅಂಚಿನಲ್ಲಿ, ಮಿಸಿಸಿಪ್ಪಿ ನದಿಯ ದಡದಲ್ಲಿರುವ ಕೊಲಂಬಸ್ ಎಂಬ ಊರಿನಲ್ಲಿ ಜನಿಸಿದರು. ಅಮೆರಿಕದ 12ನೆಯ ಅಧ್ಯಕ್ಷರಾದ ಜಕಾರಿ ಟೇಲರ್ ಇವರ ಬಂಧುಗಳು. ಎಡ್ಮಂಡ್ ಚಿಕ್ಕವರಿದ್ದಾಗಲೇ ತಂದೆಯನ್ನು ಕಳೆದುಕೊಂಡರು. ಮುಂದೆ ಇವರನ್ನು ಸಾಕಿದವರು ಲೆಕ್ಸಿಂಗ್ಟನ್ ನಗರದಲ್ಲಿ ಬ್ಯಾಂಕ್ ವ್ಯವಹಾರ ನಡೆಸುತ್ತಿದ್ದ ಚಿಕ್ಕಪ್ಪ. ಚಿಕ್ಕಪ್ಪನ ಹೆಸರೂ ಎಡ್ಮಂಡ್ ಹೇನ್ಸ್ ಟೇಲರ್ ಎಂದೇ ಇದ್ದುದರಿಂದ, ಗುರುತಿಗಾಗಿ ಇವರ ಹೆಸರಿನ ಮುಂದೆ 'ಜೂನಿಯರ್' ಎಂಬುದು ಸೇರಿಕೊಂಡಿತು. 'ಕರ್ನಲ್' ಎಂಬುದು ಸೈನಿಕ ಪದವಿಯಲ್ಲ; ಕೆಂಟುಕಿಯಲ್ಲಿ ಗಣ್ಯರಿಗೆ ಸಲ್ಲುವ ಗೌರವಸೂಚಕ ಬಿರುದು.

ಚಿಕ್ಕಪ್ಪನ ನೆರಳಿನಲ್ಲಿ ಟೇಲರ್ ಅವರು ಮೊದಲು ಕಲಿತದ್ದು ಬ್ಯಾಂಕ್ ವ್ಯವಹಾರ. ಭಟ್ಟಿಖಾನೆಗಳಿಗೆ ಬಂಡವಾಳ ಒದಗಿಸುವ ಕೆಲಸದ ಮೂಲಕ ಅವರಿಗೆ ವಿಸ್ಕಿ ಉದ್ಯಮದ ಪರಿಚಯವಾಯಿತು. 1860ರ ದಶಕದಲ್ಲಿ ಅವರು ಗೇನ್ಸ್, ಬೆರಿ ಅಂಡ್ ಕಂಪನಿ ಎಂಬ ಸಂಸ್ಥೆಯಲ್ಲಿ ಪಾಲುದಾರರಾದರು. ಸ್ಕಾಟ್ಲೆಂಡ್ ಮೂಲದ ಜೇಮ್ಸ್ ಕ್ರೋ ಅವರ ಹೆಸರಿನಿಂದ ಖ್ಯಾತವಾದ 'ಓಲ್ಡ್ ಕ್ರೋ' ವಿಸ್ಕಿಯನ್ನು ಮುಂದುವರಿಸಿದ ಬಳಗ ಇದೇ. ಉಷ್ಣಮಾಪಕ, ಸಕ್ಕರೆಯ ಪ್ರಮಾಣವನ್ನು ಅಳೆಯುವ ಉಪಕರಣ ಮೊದಲಾದವುಗಳನ್ನು ಬಳಸಿ, ಪ್ರತಿ ಸಲವೂ ಒಂದೇ ಗುಣಮಟ್ಟದ ವಿಸ್ಕಿಯನ್ನು ಇಳಿಸಲು ಶ್ರಮಿಸಿದ ಕ್ರೋ 1856ರಲ್ಲಿ ನಿಧನರಾಗಿದ್ದರು. ಅಳತೆ ಮತ್ತು ದಾಖಲೆಗಳಿಗೆ ಮಹತ್ವ ಕೊಡುವ ಈ ಪರಂಪರೆ ಟೇಲರ್ ಅವರ ಮುಂದಿನ ಜೀವನದ ದಿಕ್ಕನ್ನು ನಿರ್ಧರಿಸಿತು. ಇದೇ ದಶಕದಲ್ಲಿ ಅವರು ಯುರೋಪಿಗೆ ಹೋಗಿ ಅಲ್ಲಿನ ಭಟ್ಟಿಖಾನೆಗಳ ಕಾರ್ಯವಿಧಾನವನ್ನೂ ನೋಡಿ ಬಂದರು.

ಹಿನ್ನೆಲೆ: ಬರ್ಬನ್ ಮತ್ತು ಪ್ರೂಫ್

ಟೇಲರ್ ಅವರ ಸಾಧನೆಯನ್ನು ಅರಿಯಲು ಬರ್ಬನ್ ಎಂದರೇನು ಎಂಬುದನ್ನು ತಿಳಿಯಬೇಕು. ಬರ್ಬನ್ ಅಮೆರಿಕದ ಒಂದು ಬಗೆಯ ವಿಸ್ಕಿ. ಇದಕ್ಕೆ ಬಳಸುವ ಧಾನ್ಯದಲ್ಲಿ ಮೆಕ್ಕೆಜೋಳದ ಪಾಲೇ ಹೆಚ್ಚು. ಇಂದಿನ ನಿಯಮದಂತೆ ಅದು ಕನಿಷ್ಠ ಶೇಕಡಾ 51 ಇರಬೇಕು. ಉಳಿದ ಭಾಗ ಸಾಮಾನ್ಯವಾಗಿ ರೈ ಅಥವಾ ಗೋಧಿ ಮತ್ತು ಮೊಳಕೆ ಬರಿಸಿದ ಬಾರ್ಲಿ. ಧಾನ್ಯವನ್ನು ಬೇಯಿಸಿ, ಹುದುಗು ಬರಿಸಿ, ಭಟ್ಟಿ ಇಳಿಸಿದಾಗ ದೊರೆಯುವ ದ್ರವ ನೀರಿನಂತೆ ಬಣ್ಣರಹಿತವಾಗಿರುತ್ತದೆ. ಅದನ್ನು ಒಳಮೈ ಸುಟ್ಟ ಹೊಸ ಓಕ್ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಡಲಾಗುತ್ತದೆ. ಬೇಸಿಗೆಯ ಶಾಖಕ್ಕೆ ಮದ್ಯ ಹಿಗ್ಗಿ ಮರದೊಳಕ್ಕೆ ಇಳಿಯುತ್ತದೆ, ಚಳಿಗೆ ಕುಗ್ಗಿ ಹೊರಬರುತ್ತದೆ. ಹೀಗೆ ಮರದ ಸಾರವನ್ನು ಹೀರಿಕೊಂಡ ಮದ್ಯಕ್ಕೆ ಕೆಂಗಂದು ಬಣ್ಣವೂ ವೆನಿಲಾ, ಕಾಯಿಸಿದ ಸಕ್ಕರೆ, ಲವಂಗಗಳನ್ನು ನೆನಪಿಸುವ ಪರಿಮಳವೂ ಬರುತ್ತವೆ.

ಮದ್ಯದ ತೀಕ್ಷ್ಣತೆಯನ್ನು ಸೂಚಿಸುವ ಹಳೆಯ ಅಳತೆಯೇ ಪ್ರೂಫ್. ಮದ್ಯದಲ್ಲಿ ನೆನೆಸಿದ ಕೋವಿಮದ್ದು ಹೊತ್ತಿಕೊಂಡರೆ ಅದು ಸಾಕಷ್ಟು ತೀಕ್ಷ್ಣವಾಗಿದೆ ಎಂದು ಹಿಂದೆ ಪರೀಕ್ಷಿಸುತ್ತಿದ್ದರು ಎಂಬ ಕಥೆಯೊಂದಿಗೆ ಈ ಹೆಸರು ತಳಕು ಹಾಕಿಕೊಂಡಿದೆ. ಅಮೆರಿಕದಲ್ಲಿ ಪ್ರೂಫ್ ಸಂಖ್ಯೆ ಮದ್ಯಸಾರದ ಶೇಕಡಾವಾರು ಗಾತ್ರದ ಎರಡರಷ್ಟು. ಅಂದರೆ 100 ಪ್ರೂಫ್ ವಿಸ್ಕಿಯಲ್ಲಿ ಶೇಕಡಾ 50ರಷ್ಟು ಮದ್ಯಸಾರವಿರುತ್ತದೆ. ಬ್ರಿಟಿಷ್ ಲೆಕ್ಕ ಬೇರೆ. ಅದರಲ್ಲಿ 100 ಡಿಗ್ರಿ ಎಂದರೆ ಶೇಕಡಾ 57ಕ್ಕಿಂತ ತುಸು ಹೆಚ್ಚು. ಕರ್ನಾಟಕವೂ ಸೇರಿದಂತೆ ಭಾರತದ ಮದ್ಯದ ಸೀಸೆಗಳ ಮೇಲೆ ಸಾಮಾನ್ಯವಾಗಿ ಕಾಣುವ ಶೇಕಡಾ 42.8 ಎಂಬ ಅಂಕಿ ಬ್ರಿಟಿಷ್ ಲೆಕ್ಕದ 75 ಡಿಗ್ರಿಯಿಂದ ಬಂದದ್ದು. ಅಮೆರಿಕದ ಲೆಕ್ಕದಲ್ಲಿ ಅದು 86 ಪ್ರೂಫ್‌ನ ಆಸುಪಾಸಿನಲ್ಲಿದೆ.

ಓ.ಎಫ್.ಸಿ. ಭಟ್ಟಿಖಾನೆ

1870ರ ಸುಮಾರಿಗೆ ಟೇಲರ್ ಅವರು ಫ್ರಾಂಕ್‌ಫರ್ಟ್ ನಗರದ ಬಳಿ, ಕೆಂಟುಕಿ ನದಿಯ ದಂಡೆಯ ಲೀಸ್‌ಟೌನ್‌ನಲ್ಲಿದ್ದ ಭಟ್ಟಿಖಾನೆಯನ್ನು ಕೊಂಡು, ಅದಕ್ಕೆ ಓ.ಎಫ್.ಸಿ. ಎಂದು ಹೆಸರಿಟ್ಟರು. ಹಳೆಯ ಕಟ್ಟಡವನ್ನು ಕೆಡವಿಸಿ 1873ರಲ್ಲಿ ಹೊಸದನ್ನು ಕಟ್ಟಿಸಿದರು. ತಾಮ್ರದ ಭಟ್ಟಿಗಳು, ತಾಮ್ರದ ಹೊದಿಕೆಯುಳ್ಳ ಹುದುಗಿನ ತೊಟ್ಟಿಗಳು, ಅಚ್ಚುಕಟ್ಟಾದ ಉಗ್ರಾಣಗಳು ಇಲ್ಲಿನ ವೈಶಿಷ್ಟ್ಯವಾಗಿದ್ದವು. 1882ರಲ್ಲಿ ಸಿಡಿಲು ಬಡಿದು ಭಟ್ಟಿಖಾನೆ ಸುಟ್ಟುಹೋದಾಗ ಮರುವರ್ಷವೇ ಅದನ್ನು ಮತ್ತೆ ಕಟ್ಟಲಾಯಿತು.

ಹೊರನೋಟವೂ ವ್ಯಾಪಾರದ ಭಾಗವೆಂದು ಟೇಲರ್ ನಂಬಿದ್ದರು. ಇತರರ ಪೀಪಾಯಿಗಳು ತುಕ್ಕು ಹಿಡಿದ ಕಬ್ಬಿಣದ ಪಟ್ಟಿಗಳೊಂದಿಗೆ ಅಂಗಡಿ ಸೇರುತ್ತಿದ್ದ ಕಾಲದಲ್ಲಿ, ಇವರ ಪೀಪಾಯಿಗಳಿಗೆ ಹೊಳೆಯುವ ಹಿತ್ತಾಳೆಯ ಪಟ್ಟಿಗಳಿರುತ್ತಿದ್ದವು. ಆಗ ವಿಸ್ಕಿಯನ್ನು ಬಹುಮಟ್ಟಿಗೆ ಪೀಪಾಯಿಯಿಂದಲೇ ಅಳೆದು ಮಾರುತ್ತಿದ್ದುದರಿಂದ, ಗಿರಾಕಿಯ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಪೀಪಾಯಿಯೇ.

ಆದರೆ ಈ ವೈಭವಕ್ಕೆ ತಕ್ಕ ಹಣ ಅವರಲ್ಲಿರಲಿಲ್ಲ. 1877ರ ವೇಳೆಗೆ ಅವರು ಭಾರಿ ಸಾಲದಲ್ಲಿ ಸಿಲುಕಿದರು. ಸೇಂಟ್ ಲೂಯಿಸ್ ನಗರದ ವಿಸ್ಕಿ ವ್ಯಾಪಾರಿ ಜಾರ್ಜ್ ಟಿ. ಸ್ಟ್ಯಾಗ್ ಸಾಲದ ಹೊರೆಯನ್ನು ವಹಿಸಿಕೊಂಡು, 1878ರಲ್ಲಿ ಭಟ್ಟಿಖಾನೆಯ ಒಡೆತನ ಪಡೆದರು. ಟೇಲರ್ ಅವರು ತಾವೇ ಕಟ್ಟಿದ ಸಂಸ್ಥೆಯಲ್ಲಿ ಕಿರಿಯ ಪಾಲುದಾರರಂತೆ ಕೆಲವು ವರ್ಷ ದುಡಿಯಬೇಕಾಯಿತು. ಇದೇ ಅವಧಿಯಲ್ಲಿ ಓ.ಎಫ್.ಸಿ. ಪಕ್ಕದಲ್ಲಿ ಮತ್ತೊಂದು ಭಟ್ಟಿಖಾನೆ ತಲೆಯೆತ್ತಿತು. ಅದಕ್ಕೆ ಕೆಂಟುಕಿಯ ಸಂಸತ್ ಸದಸ್ಯ ಜಾನ್ ಜಿ. ಕಾರ್ಲೈಲ್ ಅವರ ಹೆಸರನ್ನು ಇಡಲಾಯಿತು. ಇವರಿಬ್ಬರ ಒಡನಾಟ ಮುಂದೆ ಕಾಯ್ದೆಯ ರಚನೆಯಲ್ಲಿ ಫಲ ನೀಡಿತು.

ಓಲ್ಡ್ ಟೇಲರ್ ಭಟ್ಟಿಖಾನೆ

ಸ್ಟ್ಯಾಗ್ ಅವರೊಂದಿಗಿನ ಸಂಬಂಧ ಕ್ರಮೇಣ ಹದಗೆಟ್ಟಿತು. ಟೇಲರ್ ಅವರು 1880ರ ದಶಕದ ನಡುವಿನಲ್ಲಿ ಹೊರಬಂದು, 1887ರಲ್ಲಿ ವುಡ್‌ಫರ್ಡ್ ಕೌಂಟಿಯ ಗ್ಲೆನ್ಸ್ ಕ್ರೀಕ್ ಹಳ್ಳದ ದಡದಲ್ಲಿ ಓಲ್ಡ್ ಟೇಲರ್ ಭಟ್ಟಿಖಾನೆಯನ್ನು ಸ್ಥಾಪಿಸಿದರು. ಮಕ್ಕಳನ್ನೂ ಸೇರಿಸಿಕೊಂಡು 'ಇ. ಎಚ್. ಟೇಲರ್ ಜೂನಿಯರ್ ಅಂಡ್ ಸನ್ಸ್' ಎಂಬ ಸಂಸ್ಥೆಯನ್ನು ಕಟ್ಟಿದರು. ಬಿಟ್ಟುಬಂದ ಸಂಸ್ಥೆ ತಮ್ಮ ಹೆಸರು ಮತ್ತು ಸಹಿಯನ್ನು ಬಳಸುವ ವಿಷಯದಲ್ಲಿ ಹುಟ್ಟಿದ ವ್ಯಾಜ್ಯ 1894ರಲ್ಲಿ ಕೆಂಟುಕಿಯ ಮೇಲ್ಮನವಿ ನ್ಯಾಯಾಲಯದವರೆಗೂ ಹೋಯಿತು.

ಓಲ್ಡ್ ಟೇಲರ್ ಭಟ್ಟಿಖಾನೆಯು ಕಾರ್ಖಾನೆಗಿಂತ ಹೆಚ್ಚಾಗಿ ಮಧ್ಯಯುಗದ ಕೋಟೆಯನ್ನು ಹೋಲುತ್ತಿತ್ತು. ಸುಣ್ಣಕಲ್ಲಿನ ಗೋಡೆಗಳು, ಬುರುಜುಗಳು, ತಗ್ಗಿನಲ್ಲಿ ನಿರ್ಮಿಸಿದ ಉದ್ಯಾನ, ಕೀಲಿಕಂಡಿಯ ಆಕಾರದ ಬುಗ್ಗೆಯ ಕೊಳ ಮತ್ತು ಅದರ ಸುತ್ತಲಿನ ಕಂಬಗಳ ಮಂಟಪ ಇಲ್ಲಿದ್ದವು. ಕೆಂಟುಕಿಯ ಸುಣ್ಣಕಲ್ಲಿನ ಪದರಗಳ ಮೂಲಕ ಜಿನುಗುವ ನೀರಿನಲ್ಲಿ ಕಬ್ಬಿಣದ ಅಂಶ ಬಹಳ ಕಡಿಮೆ. ಕಬ್ಬಿಣವು ವಿಸ್ಕಿಯ ಬಣ್ಣ ಮತ್ತು ರುಚಿಯನ್ನು ಕೆಡಿಸುವುದರಿಂದ ಇಂಥ ನೀರಿಗೆ ಬೆಲೆ ಇತ್ತು. ರೈಲಿನಲ್ಲಿ ಬರುವ ಪ್ರವಾಸಿಗರು ಭಟ್ಟಿಖಾನೆಯನ್ನು ನೋಡಿಕೊಂಡು ಹೋಗುತ್ತಿದ್ದರು. ಮದ್ಯ ತಯಾರಿಕೆಯನ್ನು ಮುಚ್ಚಿಡದೆ ಜನರ ಕಣ್ಣೆದುರು ನಡೆಸುವುದು ಟೇಲರ್ ಅವರ ವ್ಯಾಪಾರ ನೀತಿಯಾಗಿತ್ತು.

ಕಲಬೆರಕೆಯ ಸಮಸ್ಯೆ

19ನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ವಿಸ್ಕಿ ಎಂದು ಮಾರಾಟವಾಗುತ್ತಿದ್ದ ಮದ್ಯದಲ್ಲಿ ಬಹುಪಾಲು ಪೀಪಾಯಿಯಲ್ಲಿ ಹಣ್ಣಾದ ವಿಸ್ಕಿ ಆಗಿರಲಿಲ್ಲ. 'ರೆಕ್ಟಿಫೈಯರ್' ಎಂದು ಕರೆಯಲಾಗುತ್ತಿದ್ದ ಮಿಶ್ರಣಕಾರರು ಅಗ್ಗದ, ರುಚಿಯಿಲ್ಲದ ಮದ್ಯಸಾರಕ್ಕೆ ಸ್ವಲ್ಪ ಹಳೆಯ ವಿಸ್ಕಿಯನ್ನು ಬೆರೆಸಿ, ಸುಟ್ಟ ಸಕ್ಕರೆಯಿಂದ ಬಣ್ಣವನ್ನೂ ಒಣಹಣ್ಣಿನ ರಸದಿಂದ ಸಿಹಿಯನ್ನೂ ತರುತ್ತಿದ್ದರು. ಎಲ್ಲ ಮಿಶ್ರಣಕಾರರೂ ವಂಚಕರಾಗಿರಲಿಲ್ಲ. ಆದರೆ ಕೆಲವರು ತಂಬಾಕಿನ ಸಾರದಂಥ ಹಾನಿಕರ ಪದಾರ್ಥಗಳನ್ನೂ ಬಳಸುತ್ತಿದ್ದರು.

ಇಂಥ ಮದ್ಯವನ್ನು ಗುರುತಿಸಲು ಕೊಳ್ಳುವವನ ಬಳಿ ಇದ್ದ ಉಪಾಯಗಳು ಕೆಲವೇ. ಸೀಸೆಯನ್ನು ಕುಲುಕಿ ಮೇಲೇಳುವ ಗುಳ್ಳೆಗಳನ್ನು ನೋಡುವುದು ಅವುಗಳಲ್ಲಿ ಒಂದು. ಗುಳ್ಳೆಗಳು ದೊಡ್ಡದಾಗಿದ್ದು ಬೇಗ ಒಡೆಯದಿದ್ದರೆ ಮದ್ಯ ತೀಕ್ಷ್ಣವಾಗಿದೆ ಎಂದು ತಿಳಿಯುತ್ತಿದ್ದರು. ಮಿಶ್ರಣಕಾರರು ಎಣ್ಣೆಯಂಥ ಪದಾರ್ಥಗಳನ್ನು ಸೇರಿಸಿ ಗುಳ್ಳೆಗಳನ್ನೂ ಕೃತಕವಾಗಿ ಬರಿಸುತ್ತಿದ್ದರು. ಬಣ್ಣವನ್ನು ನೋಡಿ ವಯಸ್ಸನ್ನು ಊಹಿಸುವಂತೆಯೂ ಇರಲಿಲ್ಲ. ಸುಟ್ಟ ಸಕ್ಕರೆ ಒಂದೇ ದಿನದಲ್ಲಿ ಹತ್ತು ವರ್ಷದ ಬಣ್ಣವನ್ನು ಕೊಡಬಲ್ಲದು. ಉಳಿದದ್ದು ನಾಲಿಗೆ ಒಂದೇ. ಅಸಲಿ ವಿಸ್ಕಿಯನ್ನೇ ಎಂದೂ ಕುಡಿಯದವನಿಗೆ ನಕಲಿಯನ್ನು ನಾಲಿಗೆಯಿಂದ ಗುರುತಿಸುವುದು ಸಾಧ್ಯವಿರಲಿಲ್ಲ. ಭಟ್ಟಿಖಾನೆಯಿಂದ ಒಳ್ಳೆಯ ವಿಸ್ಕಿ ಹೊರಟರೂ ಅಂಗಡಿಕಾರನ ಪೀಪಾಯಿಯಲ್ಲಿ ಅದು ಏನಾಗುತ್ತದೆ ಎಂಬುದು ತಯಾರಕನ ಕೈಯಲ್ಲಿರಲಿಲ್ಲ. ಲೂಯಿವಿಲ್‌ನ ಜಾರ್ಜ್ ಗಾರ್ವಿನ್ ಬ್ರೌನ್ 1870ರಲ್ಲಿ 'ಓಲ್ಡ್ ಫಾರೆಸ್ಟರ್' ವಿಸ್ಕಿಯನ್ನು ಮುದ್ರೆಯೊತ್ತಿದ ಸೀಸೆಗಳಲ್ಲಿ ಮಾರಲು ತೊಡಗಿದ್ದು ಈ ಕೊರತೆಗೆ ಒಂದು ಉತ್ತರವಾಗಿತ್ತು.

1897ರ ಕಾಯ್ದೆ

ಸುಂಕ ಕಟ್ಟುವ ಮೊದಲು ವಿಸ್ಕಿಯನ್ನು ಸರ್ಕಾರದ ನಿಗಾದಲ್ಲಿರುವ ಉಗ್ರಾಣದಲ್ಲಿ ಇಡುವ ಪದ್ಧತಿ ಅಮೆರಿಕದಲ್ಲಿ ಆಗಲೇ ಇತ್ತು. ಇದನ್ನು 'ಬಾಂಡ್' ಎನ್ನುತ್ತಿದ್ದರು. 1894ರಲ್ಲಿ ಈ ಅವಧಿ 8 ವರ್ಷಕ್ಕೆ ಏರಿತು. ಸುಂಕ ವಸೂಲಿಗಾಗಿ ಸರ್ಕಾರಿ ಅಧಿಕಾರಿ ಪ್ರತಿ ಪೀಪಾಯಿಯ ಅಳತೆ, ತೀಕ್ಷ್ಣತೆ ಮತ್ತು ದಿನಾಂಕವನ್ನು ಹೇಗೂ ಬರೆದಿಡುತ್ತಿದ್ದ. ಈ ದಾಖಲೆಯನ್ನೇ ಗ್ರಾಹಕನಿಗೂ ತಲುಪಿಸಬೇಕೆಂಬುದು ಟೇಲರ್ ಮತ್ತು ಅವರ ಸಹೋದ್ಯಮಿಗಳ ವಾದವಾಗಿತ್ತು. ಆ ವೇಳೆಗೆ ಕಾರ್ಲೈಲ್ ಅವರು ಅಧ್ಯಕ್ಷ ಗ್ರೋವರ್ ಕ್ಲೀವ್‌ಲೆಂಡ್ ಅವರ ಸರ್ಕಾರದಲ್ಲಿ ಖಜಾನೆಯ ಕಾರ್ಯದರ್ಶಿಯಾಗಿದ್ದರು. ಅವರ ಬೆಂಬಲದಿಂದ ಮಸೂದೆ ಅಂಗೀಕಾರವಾಗಿ, 1897ರ ಮಾರ್ಚ್ 3ರಂದು ಕಾಯ್ದೆಯಾಯಿತು.

ಕಾಯ್ದೆಯ ಮುಖ್ಯ ನಿಬಂಧನೆಗಳು ಹೀಗಿದ್ದವು:

- ವಿಸ್ಕಿಯು ಒಂದೇ ಭಟ್ಟಿಖಾನೆಯಲ್ಲಿ, ಒಬ್ಬನೇ ತಯಾರಕನಿಂದ, ಒಂದೇ ಋತುವಿನಲ್ಲಿ (ಜನವರಿಯಿಂದ ಜೂನ್ ಅಥವಾ ಜುಲೈಯಿಂದ ಡಿಸೆಂಬರ್) ತಯಾರಾಗಿರಬೇಕು.
- ಸರ್ಕಾರದ ನಿಗಾದಲ್ಲಿರುವ ಉಗ್ರಾಣದಲ್ಲಿ ಕನಿಷ್ಠ 4 ವರ್ಷ ಪೀಪಾಯಿಯಲ್ಲಿ ಇರಬೇಕು.
- ಸೀಸೆಗೆ ತುಂಬುವಾಗ ತೀಕ್ಷ್ಣತೆ 100 ಪ್ರೂಫ್ ಇರಬೇಕು.
- ತೀಕ್ಷ್ಣತೆಯನ್ನು ಇಳಿಸಲು ಬೇಕಾದ ಶುದ್ಧ ನೀರನ್ನು ಬಿಟ್ಟು ಬೇರೇನನ್ನೂ ಸೇರಿಸಬಾರದು.
- ಸೀಸೆಯ ಬಾಯಿಗೆ ಸರ್ಕಾರಿ ಮುದ್ರೆಯ ಚೀಟಿ ಅಂಟಿಸಬೇಕು.

ಹಸಿರು ಬಣ್ಣದ ಈ ಚೀಟಿಯ ಮೇಲೆ ವಿಸ್ಕಿ ತಯಾರಾದ ಋತು, ಸೀಸೆಗೆ ತುಂಬಿದ ಕಾಲ ಮೊದಲಾದ ವಿವರಗಳಿರುತ್ತಿದ್ದವು. ಆಹಾರ ಮತ್ತು ಪಾನೀಯಗಳ ವಿಷಯದಲ್ಲಿ ಗ್ರಾಹಕರನ್ನು ರಕ್ಷಿಸಿದ ಅಮೆರಿಕದ ಮೊದಲ ಕೇಂದ್ರ ಕಾಯ್ದೆಗಳಲ್ಲಿ ಇದನ್ನೂ ಎಣಿಸಲಾಗುತ್ತದೆ.

ಕಾಯ್ದೆಯ ಹಿಂದೆ ಸ್ವಾರ್ಥವೂ ಇತ್ತು. ಹಳೆಯ ವಿಸ್ಕಿಯ ದೊಡ್ಡ ದಾಸ್ತಾನು ಇದ್ದ ಟೇಲರ್ ಅವರಂಥ ತಯಾರಕರಿಗೆ ಇದರಿಂದ ನೇರ ಲಾಭವಾಯಿತು. ಮಿಶ್ರಣಕಾರರು ಇದನ್ನು ಕಟುವಾಗಿ ವಿರೋಧಿಸಿದರು. ತಮ್ಮ ಮದ್ಯಸಾರದಲ್ಲಿ ಭಟ್ಟಿಯ ಕಲ್ಮಷಗಳು ಕಡಿಮೆಯಾಗಿರುವುದರಿಂದ ರಸಾಯನಶಾಸ್ತ್ರದ ದೃಷ್ಟಿಯಲ್ಲಿ ತಮ್ಮದೇ ಹೆಚ್ಚು ಶುದ್ಧ ಎಂಬುದು ಅವರ ವಾದವಾಗಿತ್ತು. ಆ ವಾದದಲ್ಲಿ ಸತ್ಯಾಂಶವಿಲ್ಲದಿಲ್ಲ. ವಿಸ್ಕಿಗೆ ಅದರದೇ ಸ್ವಾದವನ್ನು ಕೊಡುವುದು ಭಟ್ಟಿಯಲ್ಲಿ ಉಳಿದುಬರುವ ಅಲ್ಪಾಂಶಗಳೇ. ಸರ್ಕಾರದ ಮುದ್ರೆ ಕೂಡ ವಿಸ್ಕಿ ರುಚಿಯಾಗಿದೆ ಎಂದು ಹೇಳುತ್ತಿರಲಿಲ್ಲ. ಅದು ಎಲ್ಲಿಯದು, ಎಷ್ಟು ಹಳೆಯದು, ಎಷ್ಟು ತೀಕ್ಷ್ಣ ಎಂಬುದನ್ನಷ್ಟೇ ಹೇಳುತ್ತಿತ್ತು. ರುಚಿಯ ತೀರ್ಪು ಕುಡಿಯುವವನಿಗೇ ಉಳಿಯಿತು. ಆದರೆ ತಾನು ಯಾವುದರ ಬಗ್ಗೆ ತೀರ್ಪು ಕೊಡುತ್ತಿದ್ದೇನೆ ಎಂಬುದು ಅವನಿಗೆ ಖಚಿತವಾಗಿ ತಿಳಿಯುವಂತಾಯಿತು.

ತೀಕ್ಷ್ಣತೆ ಮತ್ತು ಗುಣನಿರ್ಣಯ

100 ಪ್ರೂಫ್ ಎಂಬ ಮಿತಿಯು ರುಚಿ ನೋಡುವವರಿಗೂ ಅನುಕೂಲವಾಯಿತು. ಎಲ್ಲ ಬಾಂಡ್ ವಿಸ್ಕಿಗಳ ತೀಕ್ಷ್ಣತೆಯೂ ಒಂದೇ ಆದುದರಿಂದ ಒಂದನ್ನು ಇನ್ನೊಂದರೊಡನೆ ನ್ಯಾಯವಾಗಿ ಹೋಲಿಸುವುದು ಸಾಧ್ಯವಾಯಿತು. ಬಣ್ಣ ಸೇರಿಸುವಂತಿಲ್ಲದ ಕಾರಣ, ಬಣ್ಣವೂ ಪೀಪಾಯಿಯ ಸಾಕ್ಷಿಯಾಗಿ ಮತ್ತೆ ನಂಬಿಕೆಗೆ ಅರ್ಹವಾಯಿತು.

ಪೀಪಾಯಿಯಿಂದ ನೇರವಾಗಿ ತೆಗೆದ ವಿಸ್ಕಿಯ ತೀಕ್ಷ್ಣತೆ ಇದಕ್ಕಿಂತಲೂ ಹೆಚ್ಚಿರಬಹುದು. ಕೆಂಟುಕಿಯ ಉಗ್ರಾಣಗಳ ಬಿಸಿಯಾದ ಮೇಲಂತಸ್ತುಗಳಲ್ಲಿ ಪೀಪಾಯಿಯ ಮರದ ಮೂಲಕ ಮದ್ಯಸಾರಕ್ಕಿಂತ ನೀರೇ ಹೆಚ್ಚಾಗಿ ಆವಿಯಾಗುವುದರಿಂದ, ವರ್ಷಗಳು ಕಳೆದಂತೆ ಪ್ರೂಫ್ ಏರುತ್ತದೆ. ತಂಪಾದ ಕೆಳ ಅಂತಸ್ತುಗಳಲ್ಲಿ ಅದು ಇಳಿಯಲೂಬಹುದು. ಪೀಪಾಯಿಗೆ ತುಂಬುವಾಗಿನ ಗರಿಷ್ಠ ಮಿತಿಯನ್ನು 1962ರಲ್ಲಿ 110 ಪ್ರೂಫ್‌ನಿಂದ 125ಕ್ಕೆ ಏರಿಸಿದ ಮೇಲೆ 130 ಪ್ರೂಫ್ ದಾಟುವ ಬರ್ಬನ್‌ಗಳೂ ಬಂದಿವೆ.

ಇಂಥ ತೀಕ್ಷ್ಣ ವಿಸ್ಕಿಯ ಗುಣವನ್ನು ಅಳೆಯುವವರು ಕೆಲವು ಕ್ರಮಗಳನ್ನು ಅನುಸರಿಸುತ್ತಾರೆ. ಲೋಟವನ್ನು ಮೂಗಿಗೆ ತೀರ ಹತ್ತಿರ ಹಿಡಿಯದೆ, ಬಾಯಿಯನ್ನು ತುಸು ತೆರೆದು ವಾಸನೆ ನೋಡುತ್ತಾರೆ. ಇಲ್ಲವಾದರೆ ಮದ್ಯಸಾರದ ಘಾಟಿಗೆ ಮೂಗು ಜಡವಾಗುತ್ತದೆ. ಮೊದಲ ಗುಟುಕು ನಾಲಿಗೆಯನ್ನು ಹದಗೊಳಿಸಲು ಮಾತ್ರ. ತೀರ್ಪು ಎರಡನೆಯ ಗುಟುಕಿನ ಮೇಲೆ. ಅನಂತರ ಕೆಲವು ಹನಿ ನೀರು ಬೆರೆಸಿ ಮತ್ತೆ ಪರೀಕ್ಷಿಸುತ್ತಾರೆ. ನೀರು ಬಿದ್ದಾಗ ಅಡಗಿದ್ದ ಪರಿಮಳ ಹೊರಬಂದರೆ ಅದು ಒಳ್ಳೆಯ ಲಕ್ಷಣ. ಉರಿ ಇಳಿದೊಡನೆ ಸ್ವಾದವೂ ಇಳಿದುಹೋದರೆ ಆ ವಿಸ್ಕಿಯಲ್ಲಿ ಇದ್ದದ್ದು ತೀಕ್ಷ್ಣತೆ ಮಾತ್ರ. ಗಂಟಲಿಗಿಳಿದ ಮೇಲೆ ಉಳಿಯುವ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ, ಕಹಿಯಾಗಿ ಮುಗಿಯುತ್ತದೆಯೋ ಸಿಹಿಯಾಗಿ ಮುಗಿಯುತ್ತದೆಯೋ ಎಂಬುದನ್ನೂ ಗಮನಿಸುತ್ತಾರೆ. ಪ್ರೂಫ್ ಹೆಚ್ಚಿದ್ದರೆ ಗುಣ ಹೆಚ್ಚು ಎಂಬುದು ತಪ್ಪು ಕಲ್ಪನೆ. ಇಂಥ ವಿಸ್ಕಿಯ ಸ್ವಲ್ಪ ಪ್ರಮಾಣದಲ್ಲೇ ಹೆಚ್ಚು ಮದ್ಯಸಾರವಿರುವುದರಿಂದ ವೃತ್ತಿಪರ ಪರೀಕ್ಷಕರು ಬಾಯಿಗೆ ಹಾಕಿದ್ದನ್ನು ನುಂಗದೆ ಉಗುಳುವುದೇ ರೂಢಿ.

ಹೆಸರಿನ ರಕ್ಷಣೆಗಾಗಿ ಹೋರಾಟ

ಕಾಯ್ದೆ ಬಂದ ಮೇಲೂ ಟೇಲರ್ ಅವರ ಹೋರಾಟ ಮುಗಿಯಲಿಲ್ಲ. ಟೇಲರ್ ಎಂಬ ಹೆಸರನ್ನೇ ಹೊತ್ತ ಮಿಶ್ರಣ ವಿಸ್ಕಿಯೊಂದನ್ನು ಲೂಯಿವಿಲ್‌ನ ಸಂಸ್ಥೆಯೊಂದು ಮಾರುತ್ತಿತ್ತು. ಅದರ ಪಾಲುದಾರರೊಬ್ಬರ ಮನೆತನದ ಹೆಸರೂ ಟೇಲರ್ ಆಗಿದ್ದುದರಿಂದ ವಿಷಯ ಜಟಿಲವಾಯಿತು. 1905ರಲ್ಲಿ ಕೆಂಟುಕಿಯ ಮೇಲ್ಮನವಿ ನ್ಯಾಯಾಲಯ, ತನ್ನ ಹೆಸರನ್ನು ಬಳಸುವ ಹಕ್ಕು ಎಲ್ಲರಿಗೂ ಇದ್ದರೂ ಅದರಿಂದ ಗ್ರಾಹಕರನ್ನು ದಾರಿತಪ್ಪಿಸುವಂತಿಲ್ಲ ಎಂಬ ನಿಲುವು ತಳೆಯಿತು.

1906ರ ಶುದ್ಧ ಆಹಾರ ಮತ್ತು ಔಷಧ ಕಾಯ್ದೆ ಜಾರಿಯಾದ ಬಳಿಕ, ವಿಸ್ಕಿ ಎಂದು ಯಾವುದನ್ನು ಕರೆಯಬಹುದು ಎಂಬ ಪ್ರಶ್ನೆ ದೇಶದ ಚರ್ಚೆಯಾಯಿತು. ಸರ್ಕಾರದ ಮುಖ್ಯ ರಸಾಯನಶಾಸ್ತ್ರಜ್ಞ ಹಾರ್ವಿ ವೈಲಿ ಅವರು ಟೇಲರ್ ಅವರಂಥ ತಯಾರಕರ ಪರವಾಗಿದ್ದರು. ಅಂತಿಮವಾಗಿ ಅಧ್ಯಕ್ಷ ವಿಲಿಯಂ ಹೊವಾರ್ಡ್ ಟಾಫ್ಟ್ 1909ರ ಡಿಸೆಂಬರ್‌ನಲ್ಲಿ ಮಧ್ಯಮಮಾರ್ಗದ ತೀರ್ಮಾನ ನೀಡಿದರು. ಮಿಶ್ರಣಕಾರರೂ ವಿಸ್ಕಿ ಎಂಬ ಪದವನ್ನು ಬಳಸಬಹುದು, ಆದರೆ ಅದು ಮಿಶ್ರಣವೆಂದು ಚೀಟಿಯ ಮೇಲೆ ತಿಳಿಸಬೇಕು ಎಂಬುದು ಅದರ ಸಾರ. ಆ ಪದ ತಮಗೆ ಮಾತ್ರ ಸಲ್ಲಬೇಕೆಂಬ ನೇರ ವಿಸ್ಕಿ ತಯಾರಕರ ಬೇಡಿಕೆ ಈಡೇರಲಿಲ್ಲ. ಒಳಗಿರುವುದನ್ನು ಹೊರಗೆ ಬರೆಯಬೇಕೆಂಬ ತತ್ವ ಮಾತ್ರ ಗೆದ್ದಿತು.

ಸಾರ್ವಜನಿಕ ಜೀವನ ಮತ್ತು ಕೊನೆಯ ವರ್ಷಗಳು

ಟೇಲರ್ ಅವರು 1871ರಿಂದ 1877ರವರೆಗೆ ಮತ್ತು 1881ರಿಂದ 1890ರವರೆಗೆ ಫ್ರಾಂಕ್‌ಫರ್ಟ್ ನಗರದ ಮೇಯರ್ ಆಗಿದ್ದರು. ಕೆಂಟುಕಿ ಶಾಸಕಾಂಗದ ಸದಸ್ಯರಾಗಿಯೂ ಸೇವೆ ಸಲ್ಲಿಸಿದರು. ರಾಜಧಾನಿಯನ್ನು ಬೇರೆ ನಗರಕ್ಕೆ ಸಾಗಿಸುವ ಪ್ರಯತ್ನಗಳು ನಡೆದಾಗ ಅದು ಫ್ರಾಂಕ್‌ಫರ್ಟ್‌ನಲ್ಲಿಯೇ ಉಳಿಯುವಂತೆ ಶ್ರಮಿಸಿದವರಲ್ಲಿ ಇವರೂ ಒಬ್ಬರು. ಇಳಿವಯಸ್ಸಿನಲ್ಲಿ ಅವರು ಹೆರ್‌ಫರ್ಡ್ ತಳಿಯ ದನಗಳ ಸಾಕಣೆಯಲ್ಲಿ ತೊಡಗಿ ಅದರಲ್ಲಿಯೂ ಹೆಸರು ಗಳಿಸಿದರು.

1920ರ ಜನವರಿಯಲ್ಲಿ ಅಮೆರಿಕದಾದ್ಯಂತ ಪಾನನಿಷೇಧ ಜಾರಿಗೆ ಬಂದಿತು. ಶುದ್ಧ ವಿಸ್ಕಿಗಾಗಿ ಜೀವಮಾನವಿಡೀ ವಾದಿಸಿದ ಟೇಲರ್ ಅವರು ತಮ್ಮ ಭಟ್ಟಿಖಾನೆ ಸ್ತಬ್ಧವಾದುದನ್ನು ನೋಡಬೇಕಾಯಿತು. ನಿಷೇಧದ ಕಾಲದಲ್ಲಿ ವೈದ್ಯರ ಚೀಟಿಯ ಮೇಲೆ ಔಷಧಿಯಾಗಿ ಮಾರಲು ಅನುಮತಿ ಪಡೆದ ವಿಸ್ಕಿ ಮಾತ್ರ 100 ಪ್ರೂಫ್‌ನ ಬಾಂಡ್ ಮುದ್ರೆಯೊಂದಿಗೆ ಔಷಧದ ಅಂಗಡಿಗಳಿಗೆ ಹೋಗುತ್ತಿತ್ತು. 1923ರ ಜನವರಿ 19ರಂದು ಟೇಲರ್ ಅವರು ತಮ್ಮ 92ನೆಯ ವಯಸ್ಸಿನಲ್ಲಿ ನಿಧನರಾದರು. ಪಾನನಿಷೇಧ ರದ್ದಾದದ್ದು ಅದಾದ ಹತ್ತು ವರ್ಷಗಳ ಮೇಲೆ, 1933ರ ಡಿಸೆಂಬರ್‌ನಲ್ಲಿ.

ಪರಂಪರೆ

ಲೀಸ್‌ಟೌನ್‌ನ ಭಟ್ಟಿಖಾನೆ ಇಂದು 'ಬಫಲೋ ಟ್ರೇಸ್' ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಅಲ್ಲಿ 2016ರಲ್ಲಿ ಹಳೆಯ ಕಟ್ಟಡವೊಂದರ ದುರಸ್ತಿಯ ವೇಳೆ ಓ.ಎಫ್.ಸಿ. ಕಾಲದ ಅಡಿಪಾಯ ಮತ್ತು ಹುದುಗಿನ ತೊಟ್ಟಿಗಳು ನೆಲದಡಿ ಪತ್ತೆಯಾದವು. ಈ ಸಂಸ್ಥೆಯು 'ಕರ್ನಲ್ ಇ. ಎಚ್. ಟೇಲರ್' ಎಂಬ ಹೆಸರಿನಲ್ಲಿ ಬರ್ಬನ್‌ಗಳನ್ನು ತಯಾರಿಸುತ್ತದೆ. ಅವುಗಳಲ್ಲಿ ಹೆಚ್ಚಿನವು 100 ಪ್ರೂಫ್‌ನ ಬಾಂಡ್ ವಿಸ್ಕಿಗಳು. ನೀರು ಬೆರೆಸದೆ ಪೀಪಾಯಿಯ ತೀಕ್ಷ್ಣತೆಯಲ್ಲಿಯೇ ತುಂಬುವ ಒಂದು ಬಗೆ 125 ಪ್ರೂಫ್‌ಗಿಂತ ಹೆಚ್ಚಿರುತ್ತದೆ. ಆದ್ದರಿಂದಲೇ ಟೇಲರ್ ಅವರ ಹೆಸರಿದ್ದರೂ ಅದಕ್ಕೆ ಬಾಂಡ್ ಮುದ್ರೆ ಸಲ್ಲುವುದಿಲ್ಲ. 1972ರಲ್ಲಿ ಮುಚ್ಚಿ ಪಾಳುಬಿದ್ದಿದ್ದ ಓಲ್ಡ್ ಟೇಲರ್ ಭಟ್ಟಿಖಾನೆಯನ್ನು ಜೀರ್ಣೋದ್ಧಾರ ಮಾಡಿ, 2018ರಲ್ಲಿ 'ಕ್ಯಾಸಲ್ ಅಂಡ್ ಕೀ' ಎಂಬ ಹೆಸರಿನಿಂದ ಸಾರ್ವಜನಿಕರಿಗೆ ಮತ್ತೆ ತೆರೆಯಲಾಯಿತು.

ಹಸಿರು ಚೀಟಿಯ ಬಳಕೆ ನಿಂತು ದಶಕಗಳೇ ಕಳೆದಿವೆ. ಆದರೆ ಒಂದೇ ಭಟ್ಟಿಖಾನೆ, ಒಂದೇ ಋತು, 4 ವರ್ಷ, 100 ಪ್ರೂಫ್ ಎಂಬ ನಿಯಮಗಳು ಅಮೆರಿಕದ ಮದ್ಯ ನಿಯಮಾವಳಿಯಲ್ಲಿ ಇಂದಿಗೂ ಉಳಿದಿವೆ.